ಐದನೆಯ ಮಹಡಿಯ ರಾತ್ರಿಗಳು

1934. ನ್ಯೂಯಾರ್ಕಿನ ಫಿಫ್ತ್ ಅವೆನ್ಯೂ, ಕಟ್ಟಡದ ನಂಬರು 597. ಕೆಳಗೆ ಸ್ಕ್ರಿಬ್ನರ್ಸ್ ಪುಸ್ತಕದಂಗಡಿ, ಮೇಲೆ ಅದೇ ಹೆಸರಿನ ಪ್ರಕಾಶನದ ಕಚೇರಿಗಳು. ಸಿಬ್ಬಂದಿ ಮನೆ ಸೇರಿ ಎಷ್ಟೋ ಹೊತ್ತಾಗಿದೆ. ಐದನೆಯ ಮಹಡಿಯ ಕೋಣೆಯೊಂದರಲ್ಲಿ ಇನ್ನೂ ದೀಪ ಉರಿಯುತ್ತಿದೆ. ಮೇಜಿನ ಒಂದು ಬದಿಗೆ ಐವತ್ತಕ್ಕೆ ಕಾಲಿಡುತ್ತಿರುವ ಸಂಪಾದಕ ಮ್ಯಾಕ್ಸ್‌ವೆಲ್ ಪರ್ಕಿನ್ಸ್. ಕಿವಿ ಸ್ವಲ್ಪ ಮಂದ, ಮಾತು ಕಡಿಮೆ, ಕಚೇರಿಯ ಒಳಗೂ ಹ್ಯಾಟು ತೆಗೆಯದ ಆಸಾಮಿ. ಎದುರಿಗೆ ಕಾದಂಬರಿಕಾರ ಥಾಮಸ್ ವುಲ್ಫ್, ಆರೂವರೆ ಅಡಿ ಎತ್ತರದ ಆಳು. ಯಾವ ಮೇಜೂ ಈತನ ಎತ್ತರಕ್ಕೆ ಸಾಲದು. ಮನೆಯಲ್ಲಿ ರೆಫ್ರಿಜರೇಟರಿನ ತಲೆಯ ಮೇಲೆ ಹಾಳೆ ಹರಡಿಕೊಂಡು ನಿಂತೇ ಬರೆಯುತ್ತಾನೆ. ಇಬ್ಬರ ನಡುವೆ ಹಸ್ತಪ್ರತಿಯ ರಾಶಿ.

ಪರ್ಕಿನ್ಸ್ ಪುಟ ತಿರುವುತ್ತಾನೆ. ಒಂದು ಕಡೆ ನಿಲ್ಲುತ್ತಾನೆ. ಪೆನ್ಸಿಲ್ಲಿನಿಂದ ಪುಟದ ಮೂಲೆಯಿಂದ ಮೂಲೆಗೆ ಒಂದು ಗೆರೆ. ವುಲ್ಫನ ಮುಖ ಬಿಗಿಯುತ್ತದೆ. ಇಂಥ ಒಂದು ರಾತ್ರಿ ಏನನ್ನೋ ಬಿಡಬೇಕೆಂದು ಪರ್ಕಿನ್ಸ್ ವಾದಿಸುತ್ತಿದ್ದಾಗ ವುಲ್ಫ್ ಉತ್ತರ ಕೊಡದೆ ಗೋಡೆಯತ್ತ ಕಣ್ಣು ಹೊರಳಿಸಿದನಂತೆ. ಅಪರೂಪಕ್ಕೆ ತಲೆಯಿಂದಿಳಿದ ಹ್ಯಾಟು ಅಲ್ಲಿ ತೂಗುತ್ತಿತ್ತು, ಅದರ ಕೆಳಗೆ ಓವರ್‌ಕೋಟು, ಕೋಟಿನ ಮೇಲೆ ಇಳಿಬಿದ್ದ ಬುಡುಬುಡಿಕೆ ಹಾವಿನ ಒಣ ಚರ್ಮ. ಸಂಪಾದಕನ ಭಾವಚಿತ್ರವೆಂದರೆ ಇದೇ ನೋಡಿ ಎಂದನಂತೆ ವುಲ್ಫ್. ಇಬ್ಬರೂ ನಕ್ಕು ಆ ರಾತ್ರಿಯ ಕೆಲಸಕ್ಕೆ ಅಲ್ಲಿಗೇ ಮಂಗಳ ಹಾಡಿದರು. ಈ ಪ್ರಸಂಗವನ್ನು ಬರೆದಿಟ್ಟವನು ಪರ್ಕಿನ್ಸನೇ.

ಇವರು ತಿದ್ದುತ್ತಿದ್ದ ಪುಸ್ತಕ ‘ಆಫ್ ಟೈಮ್ ಅಂಡ್ ದ ರಿವರ್’. ಯೂಜೀನ್ ಗ್ಯಾಂಟ್ ಎಂಬ ಯುವಕ ಊರು ಬಿಟ್ಟು ಹೊರಡುವ ರೈಲು ಪ್ರಯಾಣ ಅದರ ಆರಂಭ. ಕತೆಗೆ ಪೀಠಿಕೆಯಷ್ಟೇ ಆಗಬೇಕಿದ್ದ ಆ ಭಾಗ ಹಸ್ತಪ್ರತಿಯಲ್ಲಿ ಒಂದು ಸಾಧಾರಣ ಕಾದಂಬರಿಗಿಂತ ಉದ್ದವಿತ್ತು. ಎರಡು ಅಧ್ಯಾಯಗಳನ್ನು ಬೆಸೆಯಲು ನಾಲ್ಕು ಪುಟ ಬರೆದು ತಾ ಎಂದರೆ ವುಲ್ಫ್ ತೋಳತುಂಬ ಹಾಳೆ ಹೊತ್ತು ತರುತ್ತಿದ್ದ. ಅವುಗಳಲ್ಲಿ ಒಂದಷ್ಟು ಅದ್ಭುತವಾಗಿಯೂ ಇರುತ್ತಿದ್ದವು, ಫಜೀತಿಯೇ ಅದು. ಕೆಟ್ಟದ್ದನ್ನು ತೆಗೆಯಲು ಸಂಪಾದಕನೇ ಬೇಕೆಂದಿಲ್ಲ, ಲೇಖಕನ ಗೆಳೆಯರೇ ಸಾಕು. ನಮ್ಮಲ್ಲಿ ಆ ಕೆಲಸ ಇಂದಿಗೂ ಬಹುಪಾಲು ಗೆಳೆಯರದ್ದೇ. ಒಳ್ಳೆಯದನ್ನು, ‘ಇದು ಒಳ್ಳೆಯದೇ, ಆದರೆ ಈ ಪುಸ್ತಕದ್ದಲ್ಲ’ ಎಂದು ಹೇಳುವವನು ಸಿಗುವುದು ಕಷ್ಟ.

ಪರ್ಕಿನ್ಸ್ ವಾಕ್ಯ ತಿದ್ದುವವನಲ್ಲ. ಕಾಗುಣಿತದಲ್ಲಿ ಅವನೇ ಹಿಂದು; ಅವನು ನೋಡಿಕೊಂಡ ಫಿಟ್ಸ್‌ಜೆರಾಲ್ಡನ ಮೊದಲ ಕಾದಂಬರಿ 1920ರಲ್ಲಿ ಅಚ್ಚಿನ ತಪ್ಪುಗಳ ಜಾತ್ರೆಯಾಗಿ ಹೊರಬಂದಿತ್ತು. ಅವನ ಕಣ್ಣು ಹುಡುಕುತ್ತಿದ್ದುದು ಪುಸ್ತಕದ ಆಕಾರವನ್ನು. 1924ರ ನವೆಂಬರಿನಲ್ಲಿ ಫಿಟ್ಸ್‌ಜೆರಾಲ್ಡನ ‘ದ ಗ್ರೇಟ್ ಗ್ಯಾಟ್ಸ್‌ಬಿ’ಯ ಹಸ್ತಪ್ರತಿ ಓದಿ ಪರ್ಕಿನ್ಸ್ ಬರೆದ ಪತ್ರದ ತಾತ್ಪರ್ಯ ಇಷ್ಟು: ಟಾಮ್ ಬುಕಾನನ್ ಎಂಬ ಪಾತ್ರ ಬೀದಿಯಲ್ಲಿ ಸಿಕ್ಕರೂ ಗುರುತು ಹಿಡಿದೇನು, ಗ್ಯಾಟ್ಸ್‌ಬಿ ಮಾತ್ರ ಮಸುಕು. ಅವನ ದುಡ್ಡಿನ ಮೂಲದ ಬಗ್ಗೆ ಅಲ್ಲಲ್ಲಿ ಸುಳಿವು ಬೇಡವೇ? ಅವನ ಹಿಂದಿನ ಬದುಕನ್ನೆಲ್ಲ ಒಂದೇ ಕಡೆ ಸುರಿಯುವ ಬದಲು ಹಂಚಬಾರದೇ? ಹೇಗೆ ಬರೆಯಬೇಕೆಂದು ಅವನು ತೋರಿಸಹೋಗಲಿಲ್ಲ. ಫಿಟ್ಸ್‌ಜೆರಾಲ್ಡ್, ತನಗೇ ಗ್ಯಾಟ್ಸ್‌ಬಿಯ ಮುಖ ಕಾಣುತ್ತಿರಲಿಲ್ಲವೆಂದು ಒಪ್ಪಿ, ಕಾಣುವತನಕ ಹೆಂಡತಿ ಜೆಲ್ಡಾಳಿಂದ ಚಿತ್ರ ಬಿಡಿಸಿ ಬಿಡಿಸಿ ನೋಡಿದ. ರೋಮಿನಲ್ಲಿ ಕೂತು ಕರಡಚ್ಚಿನ ಮೇಲೆಯೇ ಅಧ್ಯಾಯಗಳನ್ನು ಒಡೆದು ಕಟ್ಟಿದ.

ವುಲ್ಫನ ಜತೆಗೆ ಪತ್ರದ ಈ ನಾಜೂಕು ನಡೆಯುವಂತಿರಲಿಲ್ಲ. ಎದುರುಬದುರು ಕೂತೇ ಆಗಬೇಕು. ಅಪ್ಪ ಗ್ಯಾಂಟ್ ಸಾಯುವ ಭಾಗವನ್ನೇ ನೋಡಿ. ಪರ್ಕಿನ್ಸನ ವಾದ ಸರಳ: ಕತೆ ಯೂಜೀನನ ಕಣ್ಣಿನಲ್ಲಿ ಸಾಗುತ್ತಿದೆ, ಅವನು ಆಗ ದೂರದ ಹಾರ್ವರ್ಡಿನಲ್ಲಿದ್ದಾನೆ, ಹಾಗಿರುವಾಗ ಅಪ್ಪನ ಮಂಚದ ಬಳಿಗೆ ನಾವು ಹೋಗುವುದೆಂತು? ವುಲ್ಫ್ ತಲೆಯಾಡಿಸಿದ. ಆಮೇಲೆ ಅದೇ ಸಾವಿನ ದೃಶ್ಯದ ಹಾಳೆಗಳನ್ನು ಹಿಡಿದುಕೊಂಡು ಬಂದ. ಪರ್ಕಿನ್ಸ್ ಓದಿದ. ತನ್ನ ಲೆಕ್ಕ ಇಲ್ಲಿ ಸಲ್ಲದು ಎಂದು ಕಂಡುಕೊಂಡ. ದೃಶ್ಯ ಉಳಿಯಿತು, ಇಡೀ ಪುಸ್ತಕದಲ್ಲಿ ಅದಕ್ಕೆ ಸಮನಾದದ್ದು ಹೆಚ್ಚಿಲ್ಲ. ಅಷ್ಟು ಗೆರೆ ಎಳೆದವನ ಸಂಪಾದನೆಯಲ್ಲಿ, ಗೆರೆ ಎಳೆಯದೆ ಬಿಟ್ಟ ಈ ಪುಟಗಳಿಗೇ ನಾನು ಹೆಚ್ಚು ಅಂಕ ಕೊಡುತ್ತೇನೆ.

ಆದರೆ 1934ರ ಅಕ್ಟೋಬರಿನಲ್ಲಿ ವುಲ್ಫ್ ಶಿಕಾಗೋದ ವಿಶ್ವಮೇಳ ನೋಡಲು ಹೋದ. ಹಿಂತಿರುಗಿ ಬರುವಷ್ಟರಲ್ಲಿ ಹಸ್ತಪ್ರತಿ ಅಚ್ಚುಮನೆಗೆ ಹೋಗಿಬಿಟ್ಟಿತ್ತು. ಇನ್ನೂ ಆರು ತಿಂಗಳು ಬೇಕಿತ್ತು ಎಂದು ಅವನ ಹಟ. ಬಿಟ್ಟರೆ ಈ ಪುಸ್ತಕ ಮುಗಿಯುವುದೇ ಇಲ್ಲ ಎಂದು ಪರ್ಕಿನ್ಸನ ಅಂದಾಜು. ಕರಡಚ್ಚು ಬಂದಾಗ ವುಲ್ಫ್ ಓದಿ ತಿದ್ದಲಿಲ್ಲ, ಪ್ರಕಾಶನದ ಸಂಪಾದಕರೇ ತಿದ್ದಿದರು. ಮೊದಲು ‘ನಾನು’ ಎಂದು ಬರೆದು ‘ಅವನು’ ಎಂದು ಬದಲಿಸಿದ ಕಡೆಗಳಲ್ಲಿ ‘ನಾನು’ ಅಲ್ಲಲ್ಲಿ ಹಾಗೇ ಉಳಿದುಹೋಯಿತು. ಪುಸ್ತಕ ಹೊರಬಂದ ಮೇಲೆ ಪ್ಯಾರಿಸ್ಸಿನಲ್ಲಿದ್ದ ವುಲ್ಫನಿಂದ ಅದಕ್ಕೂ ದೂರು ಬಂತು.

ಇಷ್ಟು ಕಿತ್ತಾಟದ ನಡುವೆ ವುಲ್ಫ್ ಪುಸ್ತಕವನ್ನು ಪರ್ಕಿನ್ಸನಿಗೇ ಅರ್ಪಿಸಹೊರಟ. 1935ರ ಜನವರಿಯಲ್ಲಿ ಪರ್ಕಿನ್ಸ್ ಬೇಡವೆಂದು ಪತ್ರ ಬರೆದ: ನಾನು ನಿನ್ನ ಪುಸ್ತಕವನ್ನು ಕೆಡಿಸಿದೆನೆಂಬ ಭಾವನೆ ನಿನ್ನಲ್ಲಿರುವಾಗ ಅರ್ಪಣೆ ಮನಸಾರೆ ಆಗುವುದಿಲ್ಲ ಎಂಬ ಅರ್ಥದಲ್ಲಿ. ವುಲ್ಫ್ ಕೇಳಲಿಲ್ಲ. ಮಾರ್ಚಿನಲ್ಲಿ 900ಕ್ಕೂ ಹೆಚ್ಚು ಪುಟಗಳ ಪುಸ್ತಕ ಅರ್ಪಣೆಯ ಸಮೇತ ಹೊರಬಂತು. ಸಾಲದ್ದಕ್ಕೆ ಮರುವರ್ಷ ‘ದ ಸ್ಟೋರಿ ಆಫ್ ಎ ನಾವೆಲ್’ ಎಂಬ ಕಿರುಪುಸ್ತಕದಲ್ಲಿ ಆ ರಾತ್ರಿಗಳ ಕತೆಯನ್ನೆಲ್ಲ ತಾನೇ ಬಿಡಿಸಿ ಹೇಳಿದ. ಕಾಯುತ್ತಿದ್ದ ವಿಮರ್ಶಕರಿಗೆ ಇಷ್ಟು ಸಾಕಾಯಿತು. ಕಾದಂಬರಿಗೆ ಆಕಾರ ಕೊಡುವ ಶಕ್ತಿ ಇರುವುದು ಲೇಖಕನಲ್ಲಲ್ಲ, ಪರ್ಕಿನ್ಸನಲ್ಲಿ ಎಂದು ಬರ್ನಾರ್ಡ್ ಡಿವೋಟೋ 1936ರ ಏಪ್ರಿಲಿನಲ್ಲಿ ಪತ್ರಿಕೆಯಲ್ಲಿ ಚುಚ್ಚಿದ. ಅದು ನಾಟಿತು. ಪರ್ಕಿನ್ಸ್ ಹೆದರಿದ್ದು ಇದಕ್ಕೇ ಇರಬೇಕು: ಸಂಪಾದಕನ ಕೆಲಸ ಬೀದಿಗೆ ಬಂದರೆ ಲೇಖಕ ಸಣ್ಣವನಾಗಿ ಕಾಣುತ್ತಾನೆ. ತಾನೊಬ್ಬನೇ ಪುಸ್ತಕ ಬರೆಯಬಲ್ಲೆನೆಂದು ತೋರಿಸಲೇಬೇಕಾಗಿ ಬಂದ ವುಲ್ಫ್ 1937ರ ಕೊನೆಗೆ ಹಾರ್ಪರ್ ಪ್ರಕಾಶನ ಸಂಸ್ಥೆಯ ಪಾಲಾದ.

ತೋರಿಸಲು ಕಾಲ ಸಿಗಲಿಲ್ಲ. 1938ರ ಸೆಪ್ಟೆಂಬರಿನಲ್ಲಿ, ಮೂವತ್ತೆಂಟು ತುಂಬುವ ಮೊದಲೇ, ಮಿದುಳಿಗೆ ಏರಿದ ಕ್ಷಯದಿಂದ ತೀರಿಕೊಂಡ. ಅದಕ್ಕೆ ಮುಂಚೆ ಸಿಯಾಟಲ್‌ನ ಆಸ್ಪತ್ರೆಯಿಂದ, ವೈದ್ಯರ ಮಾತು ಮೀರಿ, ಹಳೆಯ ಸಂಪಾದಕನಿಗೆ ಅಕ್ಕರೆಯ ಒಂದು ಪತ್ರ ಬರೆದಿದ್ದ. ಉಯಿಲಿನ ಪ್ರಕಾರ ಆಸ್ತಿಯ ಹೊಣೆ ಪರ್ಕಿನ್ಸನ ಮೇಲೆಯೇ ಬಿತ್ತು. ಹಾರ್ಪರ್‌ನ ಎಡ್ವರ್ಡ್ ಆಸ್ವೆಲ್ ಉಳಿದ ಹಸ್ತಪ್ರತಿಗಳ ಬೆಟ್ಟದಿಂದ ಪುಸ್ತಕಗಳನ್ನು ಕಡೆದು ತೆಗೆದ. ಈ ಸಲ ಎದುರು ಕೂತು ಜಗಳವಾಡುವ ಲೇಖಕನಿರಲಿಲ್ಲ. ಆಸ್ವೆಲ್ ತಾನೇ ಬರೆದು ಸೇರಿಸಿದ್ದೂ ಉಂಟು.

ವುಲ್ಫನ ಮೊದಲ ಕಾದಂಬರಿ ‘ಲುಕ್ ಹೋಮ್‌ವರ್ಡ್, ಏಂಜಲ್’ 1929ರಲ್ಲಿ ಬರುವಾಗಲೂ ಪರ್ಕಿನ್ಸನ ಇದೇ ಪೆನ್ಸಿಲ್ ಓಡಿತ್ತು. ಅದರ ಮೂಲ ಹಸ್ತಪ್ರತಿ ‘ಓ ಲಾಸ್ಟ್’ ಎಂಬ ತನ್ನದೇ ಹೆಸರಿನಲ್ಲಿ 2000ದಲ್ಲಿ ಅಚ್ಚಾಗಿದೆ, ಎರಡನ್ನೂ ಪಕ್ಕದಲ್ಲಿಟ್ಟು ಓದಬಹುದು. ಮೂಲದ ಆರಂಭದಲ್ಲಿ ಯುದ್ಧಕಾಲದ ರಸ್ತೆ. ಗೆಟಿಸ್‌ಬರ್ಗ್ ಕದನಕ್ಕೆ ಸಾಗುವ ಸೈನ್ಯವನ್ನು ಬದಿಗೆ ನಿಂತು ನೋಡುವ ಹುಡುಗರು, ಅವರಲ್ಲೊಬ್ಬ ಮುಂದೆ ನಾಯಕನ ಅಪ್ಪನಾಗುವವನು. ಅಪ್ಪನ ಬಾಲ್ಯ ಮಗ ಕಂಡದ್ದಲ್ಲ ಎಂದು ಪರ್ಕಿನ್ಸ್ ಅದನ್ನು ಬಿಡಿಸಿದ. ಕಾದಂಬರಿಗೆ ಇದರಿಂದ ಬಿಗಿ ಬಂತೆಂಬುದರಲ್ಲಿ ನನಗೆ ಅನುಮಾನವಿಲ್ಲ. ಹಸ್ತಪ್ರತಿ ಮೊದಲ ಸಲ ಕೈಗೆ ಬಂದಾಗ ತನ್ನನ್ನು ಹಿಡಿದು ನಿಲ್ಲಿಸಿದ್ದು ಆ ರಸ್ತೆಯ ದೃಶ್ಯವೇ ಎಂದು ಪರ್ಕಿನ್ಸ್ ಕೊನೆಗಾಲದಲ್ಲಿ ಬರೆದಿದ್ದಾನೆ.