ಮೊದಲು ತಲೆ, ಆಮೇಲೆ ಗೌನ್

ಶವ್ವಾಲ್ ಬಂತೆಂದರೆ ನಮ್ಮಲ್ಲಿ ಮದುವೆಗಳ ಸಾಲು. ಮದ್ರಸದಲ್ಲಿ ನನ್ನ ಬಳಿ ಕಲಿತು ಹೋದ ಹೆಣ್ಮಕ್ಕಳ ಫೋನ್ ಆಗ ಜಾಸ್ತಿ. ಮೊದಲೆಲ್ಲ ಮಹ್ರ್ ಬಗ್ಗೆ ಕೇಳುತ್ತಿದ್ದರು. ಈಗ ಕೇಳುವುದು ಗೌನ್ ಬಗ್ಗೆ, ಕೂದಲಿನ ಬಗ್ಗೆ. "ಟೀಚರ್, ಬನ್ ಎಷ್ಟು ಮೇಲೆ ಕಟ್ಟಬಹುದು? ಸ್ಪ್ರೇ ಹೊಡೆದರೆ ವುಝೂ ಆಗ್ತದಾ?" ಕೇಳಿ ನಗು ಬಂದರೂ ಪ್ರಶ್ನೆ ಸಣ್ಣದಲ್ಲ. ಬೆಳಿಗ್ಗೆ ಎಂಟಕ್ಕೆ ಕನ್ನಡಿ ಎದುರು ಕೂತ ಮದುಮಗಳು ಆ ಅಲಂಕಾರ ಕಳಚುವುದು ರಾತ್ರಿ. ನಡುವೆ ಝುಹರ್, ಅಸರ್, ಮಗ್ರಿಬ್ ಮೂರೂ ಉಂಟು.

ಒಂದು ಮದುವೆಯ ಸಂಗತಿ ಹೇಳುತ್ತೇನೆ. ಹುಡುಗಿಗೆ ಮದುವೆಗೆ ನಾಲ್ಕು ತಿಂಗಳ ಹಿಂದೆ ಡೆಂಗಿ ಬಂದಿತ್ತು. ಜ್ವರ ಬಿಟ್ಟಿತು, ಆದರೆ ಕೂದಲು ಬಾಚಣಿಗೆಗೆ ಮುಷ್ಟಿ ಮುಷ್ಟಿಯಾಗಿ ಬರಲು ಶುರುವಾಯಿತು. ಅಷ್ಟರಲ್ಲಿ 18,000 ರೂಪಾಯಿಯ ಐವರಿ ಬಣ್ಣದ ಗೌನ್ ಮನೆಗೆ ಬಂದಾಗಿತ್ತು. ಬ್ಯೂಟಿಶಿಯನ್ ನೋಡಿ, "ಈ ಕೂದಲಲ್ಲಿ ಗೌನ್‌ಗೆ ಬೇಕಾದ ಬನ್ ಆಗುವುದಿಲ್ಲ, ಎಕ್ಸ್‌ಟೆನ್ಷನ್ ಹಾಕೋಣ" ಎಂದರಂತೆ. ಹುಡುಗಿಯ ಉಮ್ಮ ನನಗೆ ಫೋನ್ ಮಾಡಿ ಅತ್ತೇ ಬಿಟ್ಟರು. "ಒಂದು ದಿನಕ್ಕೆ ಅಲ್ವಾ ಟೀಚರೇ, ಆಗುದಿಲ್ವಾ?"

ಇದೇ ಪ್ರಶ್ನೆಯನ್ನು ಒಬ್ಬ ತಾಯಿ ಪ್ರವಾದಿಯವರ (ಸ) ಮುಂದೆ ಇಟ್ಟಿದ್ದರು. ಮಗಳಿಗೆ ದಡಾರ ಬಂದು ಕೂದಲು ಉದುರಿದೆ, ಮದುವೆ ಮಾಡಿಕೊಟ್ಟಿದ್ದೇನೆ, ಕೂದಲು ಜೋಡಿಸಬಹುದೇ ಎಂದು. ಕೂದಲು ಜೋಡಿಸುವವಳನ್ನೂ ಜೋಡಿಸಿಕೊಳ್ಳುವವಳನ್ನೂ ಅಲ್ಲಾಹನು ಶಪಿಸಿದ್ದಾನೆ ಎಂಬ ಉತ್ತರ ಬಂತು. ಬುಖಾರಿ, ಮುಸ್ಲಿಂ ಎರಡರಲ್ಲೂ ಅಸ್ಮಾ (ರ) ಅವರಿಂದ ಬಂದ ಹದೀಸ್ ಇದು. ಮಾರ್ಕೆಟಿನಲ್ಲಿ ಸಿಗುವ ಒಳ್ಳೆಯ ಎಕ್ಸ್‌ಟೆನ್ಷನ್‌ಗಳು ಮನುಷ್ಯರ ಕೂದಲಿನವೇ. ಅದು ಹರಾಂ ಎಂಬುದರಲ್ಲಿ ನಮ್ಮ ಶಾಫಿಈ ಮದ್‌ಹಬಿನಲ್ಲಿ ಮಾತೇ ಇಲ್ಲ. ಜಡೆಗೆ ಕಟ್ಟುವ ರೇಷ್ಮೆ ನೂಲಿನ ಕುಚ್ಚಿನ ವಿಷಯ ಬೇರೆ. ಅದು ಕೂದಲಂತೆ ಕಾಣುವುದಿಲ್ಲ, ಯಾರನ್ನೂ ಮೋಸ ಮಾಡುವುದಿಲ್ಲ.

ಉಮ್ಮನಿಗೆ ಅಷ್ಟು ಹೇಳಿ ಫೋನ್ ಇಡಬಹುದಿತ್ತು. ಆದರೆ ಆ ಹುಡುಗಿ ಹಿಜಾಬ್ ಹಾಕುವವಳು. "ಕೂದಲೇ ಕಾಣದ ಮೇಲೆ ಎಕ್ಸ್‌ಟೆನ್ಷನ್ ಯಾರಿಗೆ ತೋರಿಸಲು?" ಎಂದು ಕೇಳಿದೆ. ಆಚೆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಹಿಂದಿನಿಂದ ಉಬ್ಬಿ ಕಾಣ್ಬೇಕಲ್ಲ" ಎಂದರು. ನೋಡಿ, ತಕರಾರು ಇರುವುದೇ ಇಲ್ಲಿ. ಒಂಟೆಯ ಬಾಗಿದ ಡುಬ್ಬದಂತೆ ತಲೆ ಉಬ್ಬಿಸುವವರ ಬಗ್ಗೆ ಮುಸ್ಲಿಂ ಗ್ರಂಥದಲ್ಲಿರುವ ಎಚ್ಚರಿಕೆ ಮದ್ರಸಕ್ಕೆ ಹೋದ ಎಲ್ಲರಿಗೂ ಗೊತ್ತು. ಗೊತ್ತಿದ್ದೂ ಹಿಜಾಬಿನೊಳಗೆ ಸ್ಪಂಜಿನ ಉಂಡೆ ಇಡುತ್ತೇವೆ.

ನಾನು ನೋಡಿದ ಹಾಗೆ, ನಾವು ಕೆಲಸವನ್ನು ಉಲ್ಟಾ ಶುರು ಮಾಡುತ್ತೇವೆ. ಮೊಬೈಲಿನಲ್ಲಿ ಗೌನ್ ಹಾಕಿದ ಹುಡುಗಿಯ ಫೋಟೋ ನೋಡುತ್ತೇವೆ. ಅವಳ ತಲೆ ಬರಿದು. ಆ ಬರಿ ತಲೆಗೆ, ಬರಿ ಕುತ್ತಿಗೆಗೆ ಸರಿಯಾಗಿ ಗೌನ್‌ನ ಕೊರಳು, ಬೆನ್ನಿನ ಕಸೂತಿ ಮಾಡಿರುತ್ತಾರೆ. ಅದನ್ನು ಕೊಂಡು ತಂದು ಮೇಲೆ ಹಿಜಾಬ್ ಸುತ್ತಿದರೆ ಕೊರಳಿನ ಸ್ಟೋನ್ ವರ್ಕೂ ಇಲ್ಲ, ಬೆನ್ನಿನ ವರ್ಕೂ ಇಲ್ಲ. ಮುಚ್ಚಿಹೋಗುವ ಕೆಲಸಕ್ಕೆ ಸಾವಿರಗಟ್ಟಲೆ ಕೊಟ್ಟ ಹಾಗಾಯಿತು. ಆದ್ದರಿಂದ ತಲೆಗೆ ಏನು ಎಂಬುದು ಮೊದಲು ತೀರ್ಮಾನ ಆಗಲಿ. ಹಿಜಾಬ್ ಎಂದಾದರೆ ಕೊರಳು ಸಾದಾ ಇರಲಿ, ಕಸೂತಿ ಕೈಗೆ, ಎದೆಯ ಕೆಳಗೆ, ಅಂಚಿಗೆ ಬರಲಿ. ಹೊಲಿಸುವುದಾದರೆ ಅದೇ ಥಾನಿನಿಂದ ಎರಡೂವರೆ ಮೀಟರ್ ಬಟ್ಟೆ ಹಿಜಾಬಿಗೆಂದು ತೆಗೆದಿಡಲು ಹೇಳಿ. ಐವರಿಯಲ್ಲೇ ಹತ್ತು ಬಗೆ ಉಂಟು. ಆಮೇಲೆ ಇನ್ನೊಂದು ಅಂಗಡಿಯಲ್ಲಿ ಹುಡುಕಿದರೆ ಒಂದು ಹಳದಿ, ಒಂದು ಬೂದು ಕಾಣುತ್ತದೆ. ಫೋಟೋದಲ್ಲಿ ಇನ್ನೂ ಎದ್ದು ಕಾಣುತ್ತದೆ.

ತೋಳಿನ ಬಗ್ಗೆ ಯಾರೂ ಯೋಚಿಸುವುದಿಲ್ಲ. ನೆಟ್ಟಿನ ಬಿಗಿ ತೋಳು ಮೊಣಕೈ ಮೇಲಕ್ಕೆ ಹೋಗದಿದ್ದರೆ ವುಝೂ ಹೇಗೆ ಮಾಡುತ್ತೀರಿ ಮಾರಾಯ್ರೆ? ಮಣಿಕಟ್ಟಿನಿಂದ ಮೊಣಕೈವರೆಗೆ ಝಿಪ್ ಇಡಲು ಹೇಳಿದರೆ ಮುಗಿಯಿತು. ಟೈಲರ್‌ಗೆ ಅದು ಅರ್ಧ ಗಂಟೆಯ ಕೆಲಸ.

ಇನ್ನು ಕೂದಲು. ಹಿಂದಿನ ದಿನವೇ ತಲೆ ತೊಳೆಯಿರಿ. ಆ ದಿನ ಬೆಳಿಗ್ಗೆ ತೊಳೆದ ಕೂದಲಲ್ಲಿ ಪಿನ್ ನಿಲ್ಲುವುದಿಲ್ಲ, ಎಣ್ಣೆ ಇದ್ದರೂ ಜಾರುತ್ತದೆ. ಕೊರಳು ಎತ್ತರದ ಗೌನ್‌ಗೆ ಬನ್ ತೀರಾ ಕೆಳಗಿದ್ದರೆ ಕಾಲರಿಗೆ ತಾಗಿ ಹಿಜಾಬ್ ಮುಂದೆ ತಳ್ಳುತ್ತದೆ. ಹಿಂದಲೆಯ ನಡುವಿಗೆ ಚಪ್ಪಟೆಯಾಗಿ ಸುತ್ತಿಸಿ. ಕೊರಳು ಅಗಲ ಇದ್ದರೆ ಕತ್ತಿನ ಬುಡಕ್ಕೆ ಕಟ್ಟಬಹುದು. ಉದ್ದದ ವೇಲ್ ಇದ್ದರೆ ಅದರ ಭಾರ ಪೂರ್ತಿ ಈ ಬನ್ನಿನ ಮೇಲೆ ಬೀಳುತ್ತದೆ. ಒಳಟೋಪಿ ಹತ್ತಿಯದ್ದೇ ಇರಲಿ. ಮೇ ತಿಂಗಳ ಮಂಗಳೂರಿನ ಸೆಕೆಯಲ್ಲಿ ಸ್ಯಾಟಿನ್ ಟೋಪಿ ಹಾಕಿದವಳ ತಲೆನೋವನ್ನು ನಾನು ಪಕ್ಕದಲ್ಲಿ ಕೂತು ನೋಡಿದ್ದೇನೆ.

ಸ್ಪ್ರೇ ವಿಷಯ. ತಲೆಯ ಸ್ವಲ್ಪ ಭಾಗಕ್ಕೆ ನೀರು ಸವರಿದರೂ ನಮ್ಮ ಮದ್‌ಹಬಿನಲ್ಲಿ ಸಾಕು. ಹಣೆಯ ಮೇಲೆ ಎರಡು ಬೆರಳಷ್ಟು ಜಾಗಕ್ಕೆ ಸ್ಪ್ರೇ, ಜೆಲ್ ಹಾಕಬೇಡಿ ಎಂದು ಬ್ಯೂಟಿಶಿಯನ್‌ಗೆ ಬುಕಿಂಗ್ ದಿನವೇ ಹೇಳಿ. ಕಷ್ಟ ಇರುವುದು ತಲೆಯದ್ದಲ್ಲ, ಮುಖದ್ದು. ನೀರು ಇಳಿಯದ ಮೇಕಪ್ ಮೇಲೆ ವುಝೂ ಆಗುವುದಿಲ್ಲ. ಮೇಕಪ್ಪಿಗೆ ಮೊದಲು ವುಝೂ ಮಾಡಿ ಝುಹರ್‌ವರೆಗೆ ಉಳಿಸಿಕೊಳ್ಳಬಹುದು. ಅಸರ್‌ಗೆ ಮುಖ ತೊಳೆದು ಮತ್ತೆ ಸಣ್ಣದಾಗಿ ಟಚಪ್ ಮಾಡಿಕೊಡುವ ಮಾತು ಮೊದಲೇ ಆಗಿರಲಿ.

ಮಲ್ಲಿಗೆ ಬೇಡವೇ ಎಂದು ಅಜ್ಜಿಯಂದಿರು ಕೇಳುತ್ತಾರೆ. ಶಂಕರಪುರದ ಮಲ್ಲಿಗೆಗೆ ಮದುವೆ ಸೀಸನ್‌ನಲ್ಲಿ ಅಟ್ಟೆಗೆ ಎರಡು ಸಾವಿರ ದಾಟುತ್ತದೆ, ಆದರೂ ನಮ್ಮಲ್ಲಿ ಬಿಡುವವರಿಲ್ಲ. ಒಂದು ಅಟ್ಟೆ ಎಂದರೆ ನಾಲ್ಕು ಚೆಂಡು. ಗೌನ್‌ಗೆ ಒಂದು ಚೆಂಡು ಸಾಕೋ ಸಾಕು. ನೀರು ಚಿಮುಕಿಸಿದ ಹೂ ಐವರಿ ನೆಟ್ಟಿಗೆ ತಾಗಿದರೆ ಕಲೆ ನಿಲ್ಲುತ್ತದೆ, ನೀರು ಆರಿದ ಮೇಲೆ ಮುಡಿಸಿ. ಅಜ್ಜಿಯಂದಿರ ಕಾಲದಲ್ಲಿ ಕುಪ್ಪಾಯ ಇತ್ತು, ಕಿವಿಯ ತುಂಬ ಅಲಿಕತ್ತ್ ಇತ್ತು. ಈಗ ಕಿವಿ ಹಿಜಾಬಿನೊಳಗೆ, ಆದರೂ ಎರಡು ಪವನಿನ ಜುಮುಕಿ ಬೇಕೇ ಬೇಕು. ಅದನ್ನು ಬಟ್ಟೆಗೆ ಪಿನ್ ಮಾಡಿ ನೇತು ಹಾಕುವುದನ್ನು ನೋಡುವಾಗ ನನಗಂತೂ ಏನು ಹೇಳುವುದೆಂದೇ ತಿಳಿಯುವುದಿಲ್ಲ.

ಹೆಂಗಸರ ಹಾಲಿನಲ್ಲಿ ಕೂದಲು ತೋರಿಸುತ್ತೇವೆ ಎನ್ನುವವರೂ ಇದ್ದಾರೆ. ಹೆಂಗಸರ ನಡುವೆ ತಪ್ಪೇನೂ ಇಲ್ಲ. ಆದರೆ ಮದುಮಗ ಒಳಗೆ ಬರುವಾಗ ಒಬ್ಬನೇ ಬರುವುದು ಕಡಿಮೆ. ಬಾವ, ಅವನ ತಮ್ಮ, ಕ್ಯಾಮರಾದವ ಎಲ್ಲ ಹಿಂದೆಯೇ ಇರುತ್ತಾರೆ. ಎರಡು ನಿಮಿಷದಲ್ಲಿ ಮುಚ್ಚಿಕೊಳ್ಳಲು ಬರುವ ಕೇಶಾಲಂಕಾರ ಅಲ್ಲದಿದ್ದರೆ ಅಲ್ಲಿ ಒದ್ದಾಟವೇ. ನೆರೆಮನೆ ಹುಡುಗಿಯ ಸ್ಟೇಟಸ್‌ಗೆ ಹೋದ ಫೋಟೋವನ್ನು ವಾಪಸ್ ತರುವವರು ಯಾರು?

ಡೆಂಗಿಯ ಹುಡುಗಿಗೆ ಕೊನೆಗೆ ಮಾಡಿದ್ದು ಇಷ್ಟೆ. ಇದ್ದ ಕೂದಲನ್ನು ಎರಡು ಸಣ್ಣ ಜಡೆ ಹಾಕಿ ಕತ್ತಿನ ಬುಡದಲ್ಲಿ ಸುತ್ತಿದರು. ವೇಲ್ ಸಿಕ್ಕಿಸಲು ಒಳಟೋಪಿಯ ಹಿಂದೆ ಹತ್ತಿ ಬಟ್ಟೆಯ ತೆಳು ಪಟ್ಟಿ ಹೊಲಿದರು. ಪಿನ್ ಹಾಕುವಾಗ ಅವಳ ತಂಗಿ ಎಣಿಸಿದಳು, ಹದಿನಾಲ್ಕು. ಎಣಿಕೆ ಯಾಕೆಂದರೆ, ರಾತ್ರಿ ಗಂಡನ ಮನೆಯಲ್ಲಿ ಪರಿಚಯವೇ ಇಲ್ಲದ ನಾದಿನಿ ಅದನ್ನು ಒಂದೊಂದಾಗಿ ತೆಗೆಯಬೇಕು, ಒಂದು ಉಳಿದರೂ ಮಲಗುವಾಗ ಚುಚ್ಚುತ್ತದೆ.

ಆಯಿಶಾ (ರ) ಅವರ ಬಳಿ ಐದು ದಿರ್ಹಮಿನ ಒಂದು ಉಡುಪು ಇತ್ತಂತೆ. ಮದೀನಾದಲ್ಲಿ ಯಾರ ಮನೆಯಲ್ಲಿ ಮದುಮಗಳನ್ನು ಸಿಂಗರಿಸುವುದಿದ್ದರೂ ಅದನ್ನು ಎರವಲು ಕೇಳಿ ಕಳುಹಿಸುತ್ತಿದ್ದರೆಂದು ಬುಖಾರಿಯಲ್ಲಿ ಉಂಟು. ಇದನ್ನು ಒಮ್ಮೆ ಆ ಹುಡುಗಿಗೆ ಹೇಳಿದ್ದೆ. ಅವಳ ಗೌನ್ ಈಗ ಮೂರನೆಯವಳ ಮದುವೆಗೆ ಹೋಗಿದೆ. ಇವಳು ಸ್ವಲ್ಪ ಗಿಡ್ಡ, ಅಂಚು ಎರಡು ಇಂಚು ಮಡಚಿದ್ದಾರಂತೆ.