ವಾಸನೆಯಿಲ್ಲದ ಎಣ್ಣೆ

ಚನ್ನಗಿರಿ ತಾಲ್ಲೂಕಿನ ತ್ಯಾವಣಿಗೆಯ ಸುತ್ತ ಭದ್ರಾ ನಾಲೆಯ ನೀರುಂಡು ಬೆಳೆಯುವ ಗದ್ದೆ, ಅಡಿಕೆ ತೋಟಗಳಲ್ಲಿ ಪಿವಿಸಿ ಎಂಬ ಪ್ಲಾಸ್ಟಿಕ್ಕು ಎರಡು ರೂಪಗಳಲ್ಲಿ ಕಾಣಸಿಗುತ್ತದೆ. ನೆಲದಲ್ಲಿ ಹೂಳುವ, ಬಗ್ಗಿಸಹೋದರೆ ಮುರಿಯುವ ಗಟ್ಟಿ ಪೈಪು ಒಂದು. ಪಂಪಿಗೆ ಜೋಡಿಸಿ, ಕೆಲಸ ಮುಗಿದ ಮೇಲೆ ಸುರುಳಿ ಸುತ್ತಿಡುವ ಮೆತ್ತನೆಯ ಹೋಸು ಇನ್ನೊಂದು. ಎರಡರ ಮೂಲದ್ರವ್ಯವೂ ಒಂದೇ ಆಗಿದ್ದು, ವ್ಯತ್ಯಾಸವೆಲ್ಲ ಹೋಸಿಗೆ ಬೆರೆಸಿದ ಎಣ್ಣೆಯಂಥ ದ್ರವದಲ್ಲಿದೆ. ಪ್ಲಾಸ್ಟಿಸೈಜರ್ ಅಥವಾ ಮೆದುಕಾರಕ ಎನ್ನುವ ಈ ದ್ರವ ಹೋಸಿನ ತೂಕದಲ್ಲಿ ಕಾಲುಭಾಗ ಅಥವಾ ಅದಕ್ಕೂ ಹೆಚ್ಚಿರಬಹುದು. ವಿದ್ಯುತ್ ತಂತಿಯ ಹೊದಿಕೆ, ರೆಕ್ಸಿನ್, ಗದ್ದೆಗೆ ಇಳಿಯುವವರ ಗಮ್‌ಬೂಟು ಇವೆಲ್ಲವೂ ಮೆದುವಾಗಿರುವುದು ಇಂಥದೇ ದ್ರವಗಳಿಂದ.

ಹೋಳಿಗೆಯ ಕಣಕವನ್ನು ಎಣ್ಣೆಯಲ್ಲಿ ನೆನೆಸಿಟ್ಟರೆ ಅದು ಹರಿಯದೆ ಹಿಗ್ಗುವಂತೆ, ಪಿವಿಸಿಯ ಉದ್ದನೆಯ ಅಣುಸರಪಳಿಗಳ ನಡುವೆ ಈ ದ್ರವ ಸೇರಿಕೊಂಡು, ಅವು ಒಂದರ ಮೇಲೊಂದು ಜಾರಲು ಅನುವು ಮಾಡುತ್ತದೆ. ಹೋಲಿಕೆ ಇಲ್ಲಿಗೇ ಮುಗಿಯುವುದಿಲ್ಲ: ಕಣಕದ ಎಣ್ಣೆ ಕೆಳಗಿನ ಎಲೆಗೆ ಅಂಟುವ ಹಾಗೆ ಈ ದ್ರವವೂ ಪ್ಲಾಸ್ಟಿಕ್ಕಿನೊಡನೆ ರಾಸಾಯನಿಕವಾಗಿ ಬೆಸೆದುಕೊಳ್ಳದೆ, ಶಾಖ ಅಥವಾ ಜಿಡ್ಡು ಸೋಕಿದಲ್ಲಿ ನಿಧಾನವಾಗಿ ಹೊರಬರುತ್ತದೆ. ಹತ್ತೊಂಬತ್ತನೆಯ ಶತಮಾನದ ಸೆಲ್ಯುಲಾಯ್ಡ್‌ನಲ್ಲಿ ಈ ಕೆಲಸವನ್ನು ಮಾಡುತ್ತಿದ್ದುದು ಕರ್ಪೂರ ಎಂಬುದು, ಆರತಿಯ ತಟ್ಟೆಯಲ್ಲಷ್ಟೇ ಅದನ್ನು ಕಂಡವರಿಗೆ ಸೋಜಿಗವೆನಿಸೀತು. ಅಮೆರಿಕದ ವಾಲ್ಡೊ ಸೆಮನ್ 1926ರಲ್ಲಿ ಪಿವಿಸಿಯನ್ನು ಮೆದುಗೊಳಿಸುವ ದಾರಿ ಕಂಡುಕೊಂಡ ಬಳಿಕ ಥ್ಯಾಲೇಟ್ ಎಂಬ ವರ್ಗದ ದ್ರವಗಳು ಆ ಸ್ಥಾನಕ್ಕೆ ಬಂದವು. ಅವುಗಳಲ್ಲಿ ಹೆಚ್ಚು ಪರಿಚಿತವಾದುದನ್ನು ಪೇಟೆಯಲ್ಲಿ ಡಿಒಪಿ ಎಂದೂ ರಸಾಯನಶಾಸ್ತ್ರದಲ್ಲಿ ಡಿಇಎಚ್‌ಪಿ ಎಂದೂ ಕರೆಯುತ್ತಾರೆ.

ಡಿಒಪಿಯ ತೊಡಕು ಅದರ ಸಾಧು ಸ್ವಭಾವದಲ್ಲೇ ಅಡಗಿದೆ. ಬಣ್ಣವಿಲ್ಲ, ಹೇಳಿಕೊಳ್ಳುವಂಥ ವಾಸನೆಯಿಲ್ಲ. ಕೈಮೇಲೆ ಬಿದ್ದರೆ ಆಮ್ಲದಂತೆ ಸುಡುವುದಿಲ್ಲ. ಕುದಿಯಬೇಕಾದರೆ ಸುಮಾರು 385 ಡಿಗ್ರಿ ಸೆಲ್ಸಿಯಸ್ ಬೇಕಾಗುವುದರಿಂದ ಪೆಟ್ರೋಲಿನಂತೆ ಆವಿಯಾಗಿ ಹಾರುವುದೂ ಇಲ್ಲ. ಇಲಿಗಳಲ್ಲಿ ದೇಹತೂಕದ ಕಿಲೋಗ್ರಾಮಿಗೆ 25 ಗ್ರಾಂ ಉಣಿಸಿದರೂ ತಕ್ಷಣದ ಸಾವು ವಿರಳ. ಅಮೋನಿಯಾ ಸೋರಿದರೆ ಕಾರ್ಮಿಕ ಮೂಗು ಮುಚ್ಚಿ ಓಡುತ್ತಾನೆ; ಇಲ್ಲಿ ಓಡಿಸುವ ಸೂಚನೆಯೇ ಇಲ್ಲದ ಕಾರಣ, ಬರಿಗೈಯಲ್ಲಿ ಬ್ಯಾರಲ್ ಬಗ್ಗಿಸಿ ಸುರಿದು, ಅದೇ ಕೈಯನ್ನು ಚಿಂದಿಯಲ್ಲಿ ಒರೆಸಿ ಊಟಕ್ಕೆ ಕೂರುವ ರೂಢಿ ಬೆಳೆದುಬಿಡುತ್ತದೆ.

ಆತಂಕವಿರುವುದು ದೀರ್ಘಕಾಲದ ಒಡನಾಟದ ಬಗ್ಗೆ. ಗರ್ಭಿಣಿ ಇಲಿಗಳಿಗೆ ಡಿಒಪಿ ಕೊಟ್ಟಾಗ ಹುಟ್ಟಿದ ಗಂಡು ಮರಿಗಳ ಜನನಾಂಗದ ಬೆಳವಣಿಗೆ ಕುಂಠಿತವಾದುದು ಮತ್ತೆ ಮತ್ತೆ ಸಾಬೀತಾಗಿದೆ. ಇಲಿಗಳ ಯಕೃತ್ತಿನಲ್ಲಿ ಗಡ್ಡೆಗಳು ಕಂಡುದರಿಂದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2011ರಲ್ಲಿ ಇದನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರಬಹುದಾದ ವಸ್ತುಗಳ 2ಬಿ ಗುಂಪಿಗೆ ಸೇರಿಸಿತು. ‘ತರಬಹುದಾದ’ ಎಂಬ ಪದವನ್ನು ‘ತರುವ’ ಎಂದು ಓದಿಕೊಳ್ಳಬಾರದು. ಚೀನಾದ ನೆಲಹಾಸು ಕಾರ್ಖಾನೆಯೊಂದರ ಗಂಡಸರನ್ನು ಕುರಿತು 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮೂತ್ರದಲ್ಲಿ ಥ್ಯಾಲೇಟ್ ಅಂಶ ಹೆಚ್ಚಿದ್ದವರ ರಕ್ತದಲ್ಲಿ ಟೆಸ್ಟೋಸ್ಟೆರಾನ್ ಹಾರ್ಮೋನು ಕಡಿಮೆಯಿರುವುದು ಕಂಡುಬಂದಿತ್ತು. ಯುರೋಪಿಯನ್ ಒಕ್ಕೂಟದಲ್ಲಿ 2015ರ ಫೆಬ್ರುವರಿಯ ನಂತರ ವಿಶೇಷ ಅನುಮತಿಯಿಲ್ಲದೆ ಡಿಒಪಿಯನ್ನು ಬಳಸುವಂತಿಲ್ಲ.

ಕಾರ್ಖಾನೆಯೊಳಗೆ ಅಪಾಯ ಎಲ್ಲೆಡೆ ಸಮನಾಗಿ ಹರಡಿರುವುದಿಲ್ಲ. ತಣ್ಣಗಿರುವ ಉಗ್ರಾಣದ ಗಾಳಿಯಲ್ಲಿ ಡಿಒಪಿ ಇರುವುದು ಅತ್ಯಲ್ಪ. ಪಿವಿಸಿ ಪುಡಿಯೊಡನೆ ಅದನ್ನು ನೂರು ಡಿಗ್ರಿ ದಾಟಿಸಿ ಕಲಸುವ ಮಿಕ್ಸರಿನ ಬಾಯಿ, ಬಿಸಿ ಪಾಕವನ್ನು ಹೊರದಬ್ಬುವ ಎಕ್ಸ್‌ಟ್ರೂಡರ್ ಯಂತ್ರದ ಮೂತಿ, ರೆಕ್ಸಿನ್ ಒಣಗಿಸುವ ಒಲೆ, ಇವುಗಳ ಬಳಿ ಅದು ಮಂಜಿನಂಥ ಸೂಕ್ಷ್ಮ ಹನಿಗಳಾಗಿ ತೇಲುತ್ತದೆ. ಎಂಟು ಗಂಟೆಯ ಪಾಳಿಯ ಸರಾಸರಿಯಲ್ಲಿ ಒಂದು ಘನ ಮೀಟರ್ ಗಾಳಿಗೆ 5 ಮಿಲಿಗ್ರಾಂ ಎಂಬುದು ಅಮೆರಿಕದ ಕಾನೂನು ಹಾಕಿರುವ ಗೆರೆ. ಮಂಜು ಹುಟ್ಟುವ ಜಾಗದಲ್ಲೇ ಅದನ್ನು ಎಳೆದು ಹೊರಹಾಕುವ ಕೊಳವೆ ಮತ್ತು ಫ್ಯಾನು ಇರಬೇಕು. ಗೋಡೆಯ ಫ್ಯಾನು ಅದನ್ನು ಪಕ್ಕದವರ ಮುಖಕ್ಕೆ ದಾಟಿಸುತ್ತದೆ, ಬಟ್ಟೆಯ ಮುಖಗವಸಿನ ಉಪಯೋಗ ಅಷ್ಟಕ್ಕಷ್ಟೆ.

ಕೈಗವಸಿನಲ್ಲೂ ಒಂದು ಸೂಕ್ಷ್ಮವಿದೆ. ಮೆತ್ತನೆಯ ಪಿವಿಸಿ ಕೈಗವಸೇ ಮೆದುಕಾರಕದಿಂದ ಮೆದುವಾದದ್ದರಿಂದ ಅದು ಈ ದ್ರವಕ್ಕೆ ತಕ್ಕ ತಡೆಯಲ್ಲ. ನೈಟ್ರೈಲ್ ರಬ್ಬರಿನದು ಬೇಕು. ಚೆಲ್ಲಿದ ಡಿಒಪಿ ಆವಿಯಾಗದೆ ನೆಲದ ಮೇಲೆ ಉಳಿಯುವುದರಿಂದ ಜಾರಿ ಬೀಳುವುದೇ ಬಹುಶಃ ಅತ್ಯಂತ ಮಾಮೂಲಿ ಅವಘಡ. ಒಣ ಮರಳು ಹರಡಿ, ಹೀರಿಕೊಂಡ ಮೇಲೆ ಬಳಿದು, ಮುಚ್ಚಳದ ಡಬ್ಬಕ್ಕೆ ತುಂಬಬೇಕೇ ಹೊರತು ಚರಂಡಿಗೆ ತೊಳೆದುಬಿಡಬಾರದು. ಸುಮಾರು 200 ಡಿಗ್ರಿಗೆ ಕಾದರೆ ಇದರ ಆವಿ ಕಿಡಿಗೆ ಹೊತ್ತಿಕೊಳ್ಳಬಲ್ಲದು. ಹಾಗೆ ಹೊತ್ತಿದ ಎಣ್ಣೆಗೆ ನೀರೆರಚಿದರೆ ಅದು ಸಿಡಿದು ಹರಡುವುದರಿಂದ ಒಣಪುಡಿ ಅಥವಾ ನೊರೆಯ ನಂದಕ ಹತ್ತಿರವಿರಬೇಕು. ಕೆಲಸದ ಬಟ್ಟೆಯನ್ನು ಮನೆಗೆ ಒಯ್ಯದಿರುವುದು ಚಿಕ್ಕ ಮಾತಿನಂತೆ ಕಂಡರೂ, ಗರ್ಭಿಣಿಯರೂ ಕೂಸುಗಳೂ ಇರುವ ಮನೆಗೆ ದೊಡ್ಡದೇ.

ಭೋಪಾಲ್ ದುರಂತದ ಬಳಿಕ ಫ್ಯಾಕ್ಟರಿಗಳ ಕಾಯ್ದೆಗೆ 1987ರಲ್ಲಿ ಬಂದ ತಿದ್ದುಪಡಿ, ಅಪಾಯಕಾರಿ ಪ್ರಕ್ರಿಯೆಗಳ ಮಾಹಿತಿಯನ್ನು ಕಾರ್ಮಿಕರಿಗೆ ತಿಳಿಸುವ ಹೊಣೆಯನ್ನು ಮಾಲೀಕರ ಮೇಲೆ ಹೊರಿಸಿತು. ವಸ್ತುವಿನೊಡನೆ ಬರುವ ಸುರಕ್ಷತಾ ಮಾಹಿತಿ ಪತ್ರ ಸಾಮಾನ್ಯವಾಗಿ ಇಂಗ್ಲಿಷಿನಲ್ಲಿರುತ್ತದೆ. ಕಣ್ಣು, ಮೂಗು ಎಚ್ಚರಿಸದ ವಸ್ತುವಿನ ವಿಷಯದಲ್ಲಿ ಕಾಗದವೇ ಎಚ್ಚರಿಸಬೇಕಾಗಿರುವಾಗ, ಅದು ಕನ್ನಡದಲ್ಲಿ ಮಿಕ್ಸರಿನ ಪಕ್ಕದ ಗೋಡೆಯ ಮೇಲಿರದೆ ಆಫೀಸಿನ ಕಡತದೊಳಗಿದ್ದರೆ ಇದ್ದೂ ಇಲ್ಲದಂತೆ.

ಡಿಒಪಿಗೆ ಬದಲಿಗಳೂ ಬಂದಿವೆ. ಡಿಒಟಿಪಿ ಎಂಬುದರಲ್ಲಿ ಡಿಒಪಿಯಲ್ಲಿರುವ ಪರಮಾಣುಗಳೇ ಅಷ್ಟೇ ಸಂಖ್ಯೆಯಲ್ಲಿದ್ದು, ಎರಡು ಬಾಲಗಳು ಅಣುವಿನ ಅಕ್ಕಪಕ್ಕದ ಬದಲು ಎದುರುಬದುರಾಗಿವೆ. ಅಷ್ಟರಿಂದಲೇ ದೇಹದೊಳಗೆ ಅದರ ನಡೆ ಬೇರೆಯಾಗಿ, ಗಂಡು ಮರಿಗಳ ಮೇಲಿನ ಆ ಪರಿಣಾಮ ಪ್ರಯೋಗಗಳಲ್ಲಿ ಕಾಣಲಿಲ್ಲ.

ಕಾರ್ಖಾನೆಯ ಗೇಟಿನಾಚೆಗೂ ಈ ಎಣ್ಣೆಯ ಪಯಣವಿದೆ. ಖಾಲಿಯಾದ ಇನ್ನೂರು ಲೀಟರಿನ ಬ್ಯಾರಲ್ಲಿನ ಒಳಗೋಡೆಗೆ ಅಂಟಿದ ಜಿಡ್ಡು ನೀರಿನಲ್ಲಿ ಹೆಚ್ಚು ಕರಗದೆ, ಸೋಪಿಗೂ ಅಷ್ಟು ಸುಲಭಕ್ಕೆ ಬಿಡುವುದಿಲ್ಲವಾದ್ದರಿಂದ, ಅಂಥದನ್ನು ಕುಡಿಯುವ ನೀರಿಗೋ ದವಸಕ್ಕೋ ಇಡತಕ್ಕದ್ದಲ್ಲ. ಗ್ಯಾಸ್ ಕಟರಿನಿಂದ ಸೀಳಹೋದರೆ ಒಳಗಿನ ಆವಿ ಸ್ಫೋಟಿಸಬಹುದು. ತೋಟದ ಬೇಲಿಯ ಬಳಿ ಕೆಲವು ಬೇಸಿಗೆ ಕಂಡ ಹೋಸು ಸೆಟೆದು ಬಿರುಕು ಬಿಡುವುದಕ್ಕೆ ಒಂದು ಕಾರಣ ಅದರೊಳಗಿನ ಎಣ್ಣೆ ಬಿಸಿಲಿಗೂ ಮಣ್ಣಿಗೂ ಹೊರಟುಹೋಗಿರುವುದು. ಅದನ್ನು ಒಲೆಗೋ ತಿಪ್ಪೆಯ ಬೆಂಕಿಗೋ ಹಾಕಿದಾಗ, ಅಥವಾ ತಾಮ್ರದಾಸೆಗೆ ಹಳೆಯ ತಂತಿಯನ್ನು ಸುಟ್ಟಾಗ, ಉಳಿದ ಎಣ್ಣೆ ಹೊಗೆಯಾಗುವುದರ ಜೊತೆಗೆ ಪಿವಿಸಿಯಲ್ಲಿನ ಕ್ಲೋರಿನ್ ಹೈಡ್ರೋಕ್ಲೋರಿಕ್ ಆಮ್ಲದ ಅನಿಲವಾಗಿ ಏಳುತ್ತದೆ. ಆ ಹೊಗೆಗೆ ಮಾತ್ರ ವಾಸನೆಯಿದೆ.