ಜಿಮ್ಮಿನ ಏರು, ಕೆರೆಯ ಏರಿ

ಟ್ರೆಡ್‌ಮಿಲ್ಲೋ, ಸೈಕಲ್ಲೋ, ಕ್ರಾಸ್ ಟ್ರೇನರೋ? ಶಿಕಾರಿಪುರ, ಸೊರಬದಂಥ ಊರುಗಳಿಗೂ ಜಿಮ್ ಬಂದ ಮೇಲೆ ಅಲ್ಲಿಗೆ ಸೇರಿದವರ ಮೊದಲ ಪ್ರಶ್ನೆ ಇದು. ಪ್ರಶ್ನೆಯೇ ತುಸು ದಾರಿ ತಪ್ಪಿಸುವಂಥದ್ದು. ಹೃದಯದ ಮಟ್ಟಿಗೆ ಯಂತ್ರ ಯಾವುದು ಅನ್ನುವುದಕ್ಕಿಂತ ಅದರ ಮೇಲಿದ್ದವರಿಗೆ ಎಷ್ಟು ಏದುಸಿರು ಬಂತು, ಎಷ್ಟು ಹೊತ್ತು ಬಂತು, ವಾರದಲ್ಲಿ ಎಷ್ಟು ದಿನ ಬಂತು ಅನ್ನುವುದೇ ಲೆಕ್ಕ. ಯಂತ್ರಗಳ ನಡುವಿನ ನಿಜವಾದ ವ್ಯತ್ಯಾಸ ತಿಳಿಯುವುದು ಮಂಡಿಗೆ, ಸೊಂಟಕ್ಕೆ. ಓಡುವಾಗ ಪ್ರತಿ ಹೆಜ್ಜೆಗೂ ಮೈಭಾರ ಕಾಲಿಗೆ ಬಡಿಯುತ್ತದೆ. ಸೈಕಲ್ಲಿನಲ್ಲಿ ಆ ಭಾರವನ್ನು ಸೀಟು ಹೊರುತ್ತದೆ. ಕ್ರಾಸ್ ಟ್ರೇನರಿನಲ್ಲಿ ಪಾದ ಪೆಡಲ್ ಬಿಟ್ಟು ಏಳುವುದೇ ಇಲ್ಲ, ಹಾಗಾಗಿ ಬಡಿತವೂ ಇಲ್ಲ. ರೋಯಿಂಗ್ ಯಂತ್ರ ನೋಡಲು ತೋಳಿನ ಕೆಲಸದಂತೆ ಕಂಡರೂ ಬಲ ಹೆಚ್ಚಾಗಿ ಹುಟ್ಟುವುದು ತೊಡೆಯಿಂದ.

ಏದುಸಿರಿಗೂ ಹೃದಯಕ್ಕೂ ನಂಟಿದೆ ಎಂಬುದಕ್ಕೆ ಸಿಕ್ಕ ಮೊದಲ ಗಟ್ಟಿ ಸಾಕ್ಷ್ಯ ಜಿಮ್ಮಿನದಲ್ಲ, ಬಸ್ಸಿನದು. ಲಂಡನ್ನಿನ ಡಬಲ್ ಡೆಕರ್ ಬಸ್ಸುಗಳಲ್ಲಿ ಡ್ರೈವರ್ ದಿನವಿಡೀ ಕೂತಿರುತ್ತಿದ್ದ, ಕಂಡಕ್ಟರ್ ಟಿಕೆಟ್ ಕೊಡಲು ಮೆಟ್ಟಿಲು ಹತ್ತಿ ಇಳಿಯುತ್ತಿದ್ದ. ಇಬ್ಬರಲ್ಲಿ ಕಂಡಕ್ಟರರಿಗೇ ಹೃದ್ರೋಗ ಕಡಿಮೆ ಎಂದು ಸಂಶೋಧಕ ಜೆರೆಮಿ ಮಾರಿಸ್ 1953ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ತೋರಿಸಿದರು. ಡ್ರೈವರ್ ಕೆಲಸಕ್ಕೆ ಮೊದಲಿಂದಲೂ ದಪ್ಪಗಿದ್ದವರೇ ಹೋಗಿರಬಹುದಲ್ಲ ಎಂಬ ತಕರಾರು ಎದ್ದಿತು. ಸಹಜವೇ. ಮಾರಿಸ್ ಬಸ್ ಸಂಸ್ಥೆಯ ಸಮವಸ್ತ್ರದ ದಾಖಲೆ ತೆಗೆಸಿ ಪ್ಯಾಂಟುಗಳ ಸೊಂಟದಳತೆ ನೋಡಿದರು. ಡ್ರೈವರುಗಳ ಸೊಂಟ ದೊಡ್ಡದೇ ಇತ್ತು. ಆದರೆ ಸಣಕಲಿರಲಿ ದಡೂತಿ ಇರಲಿ, ಅದೇ ಅಳತೆಯವರನ್ನು ಹೋಲಿಸಿದಾಗಲೂ ಕಂಡಕ್ಟರರ ಪಾಡೇ ಮೇಲಾಗಿತ್ತು. ನಮ್ಮಲ್ಲಿ ಒಬ್ಬನೇ ಚಾಲಕ ಕಂ ನಿರ್ವಾಹಕ ಆಗಿರುವ ಬಸ್ಸುಗಳನ್ನು ಕಂಡಿದ್ದರೆ ಮಾರಿಸ್ ಏನನ್ನುತ್ತಿದ್ದರೋ!

ಹಾಗಿದ್ದರೆ ದುಡ್ಡು ಕೊಟ್ಟು ಜಿಮ್ ಸೇರುವುದೇಕೆ, ಶಿಕಾರಿಪುರದ ಹುಚ್ಚರಾಯನ ಕೆರೆ ಏರಿಯ ಮೇಲೆ ನಡೆದರೆ ಸಾಲದೇ? ಬಿರುಸಾಗಿ ನಡೆದರೆ ಖಂಡಿತ ಸಾಕು. ಆದರೆ ಮಲೆನಾಡಿನ ಸೆರಗಿನ ಈ ಊರುಗಳಲ್ಲಿ ಮಳೆಗಾಲ ಹಿಡಿದರೆ ತಿಂಗಳುಗಟ್ಟಲೆ ನಡಿಗೆ ನಿಂತುಹೋಗುತ್ತದೆ. ಜೊತೆಗೆ, ಕೆರೆ ಏರಿಗೆ ಹೆಸರಲ್ಲಷ್ಟೇ ಏರು, ನಡೆಯಲು ಅದು ಸಪಾಟು. ಟ್ರೆಡ್‌ಮಿಲ್ಲಿನ ದೊಡ್ಡ ಗುಣ ಓಟವಲ್ಲ, ಪಟ್ಟಿಯನ್ನು ಎತ್ತರಿಸುವ ಆ ಗುಂಡಿ. ಶೇಕಡಾ 10ರ ಏರು ಇಟ್ಟರೆ ಪಟ್ಟಿ 100 ಮೀಟರ್ ಸರಿಯುವಾಗ ದೇಹ 10 ಮೀಟರ್ ಹತ್ತಿದ ಲೆಕ್ಕ. ವ್ಯಾಯಾಮ ವಿಜ್ಞಾನದವರು ಆಮ್ಲಜನಕದ ಬಳಕೆ ಅಳೆಯಲು ಇಟ್ಟುಕೊಂಡ ಸೂತ್ರದ ಪ್ರಕಾರ, ಈ ಏರಿನಲ್ಲಿ ಗಂಟೆಗೆ 5 ಕಿ.ಮೀ. ನಡೆದವರೂ ಸಪಾಟಿನಲ್ಲಿ 7 ಕಿ.ಮೀ. ವೇಗದಲ್ಲಿ ಓಡಿದವರೂ ಸರಿಸುಮಾರು ಒಂದೇ ಅಳತೆಯ ಆಮ್ಲಜನಕ ಬಳಸುತ್ತಾರೆ. ಓಟದ ಫಲ ಸಿಗುತ್ತದೆ, ಮಂಡಿಗೆ ಓಟದ ಪೆಟ್ಟಿಲ್ಲ. ಸೊರಬದ ಕಡೆಯ ಚಂದ್ರಗುತ್ತಿ ಗುಡ್ಡ ಹತ್ತುವವರ ಉಸಿರು ಅರ್ಧದಲ್ಲೇ ಯಾಕೆ ಕಟ್ಟುತ್ತದೆ ಎಂಬುದಕ್ಕೂ ಇದೇ ಉತ್ತರ. ಒಂದು ಷರತ್ತಿದೆ, ಮುಂದಿನ ಸರಳು ಹಿಡಿದು ಜೋತುಬೀಳಬಾರದು. ಕೈಗೆ ಭಾರ ಹೋದಷ್ಟೂ ಕಾಲಿನ ಕೆಲಸ ತಪ್ಪುತ್ತದೆ. ಪರದೆಗೆ ಇದು ಗೊತ್ತಾಗುವುದಿಲ್ಲ, ಅದು ಕ್ಯಾಲೊರಿ ಎಣಿಸುತ್ತಲೇ ಹೋಗುತ್ತದೆ. ಆ ಅಂಕಿಯನ್ನು ನಂಬಿ ಸಂಜೆ ಎರಡು ಬೋಂಡಾ ಹೆಚ್ಚಿಗೆ ತಿನ್ನಬಾರದು.

ಗದ್ದೆ, ತೋಟದಲ್ಲಿ ದುಡಿಯುವವರಿಗೆ ಇದೆಲ್ಲ ಯಾಕೆ ಎಂಬ ಇನ್ನೊಂದು ಆಕ್ಷೇಪವಿದೆ. ದುಡಿಮೆ ದೇಹವನ್ನು ದಣಿಸುತ್ತದೆ, ನಿಜ. ಆದರೆ ದಣಿವು ಬೇರೆ, ಏದುಸಿರು ಬೇರೆ. ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿಯುವವರಿಗೆ ಬೆನ್ನು ಸೋಲುತ್ತದೆ, ನಾಡಿ ಏರುವುದಿಲ್ಲ. ಮೂಟೆ ಎತ್ತುವಾಗ ರಕ್ತದೊತ್ತಡ ಜಿಗಿಯುತ್ತದೆ, ಆದರೆ ಆ ಶ್ರಮ ಕೆಲವೇ ಕ್ಷಣದ್ದು. ಉಳುಮೆಯನ್ನು ಟಿಲ್ಲರ್ ನೋಡಿಕೊಳ್ಳುತ್ತದೆ, ಮರ ಹತ್ತಲು ಕೊನೆಗಾರ ಬರುತ್ತಾನೆ, ತೋಟದ ಧಣಿ ಬೈಕಿನಲ್ಲಿ ಹೋಗಿ ಬೈಕಿನಲ್ಲೇ ಬರುತ್ತಾರೆ. ಬೈಕಿಗೂ ಮೊದಲು ಸೈಕಲ್ ಇತ್ತು. ಇದೇ ಶಿಕಾರಿಪುರದ ಶಾಸಕರಾಗಿದ್ದ ಯಡಿಯೂರಪ್ಪ ಹಣಕಾಸು ಮಂತ್ರಿಯಾಗಿದ್ದಾಗ, 2006-07ರಲ್ಲಿ, ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆ ಶುರುವಾಗಿತ್ತು. ಶಾಲೆಗೆ ಸೈಕಲ್ ತುಳಿದ ಆ ಮಕ್ಕಳ ವಯಸ್ಸು ಈಗ ಮೂವತ್ತು ದಾಟಿದೆ. ಜಿಮ್ಮಿನಲ್ಲಿ ನಿಂತಲ್ಲೇ ಸೈಕಲ್ ತುಳಿಯುವವರೂ ಹೆಚ್ಚಾಗಿ ಆ ವಯಸ್ಸಿನವರೇ.

2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜಕುಮಾರ್ ಹೃದಯಾಘಾತದಿಂದ ತೀರಿಕೊಂಡ ಮೇಲೆ ಜಿಮ್ಮೇ ಹೃದಯಕ್ಕೆ ಕುತ್ತು ಎಂಬ ಮಾತು ಕನ್ನಡನಾಡಿನಲ್ಲಿ ಬಲವಾಯಿತು. ಒಬ್ಬರ ಸಾವಿನಿಂದ ನಿಯಮ ಹುಟ್ಟುವುದಿಲ್ಲವಾದರೂ ಭಯಕ್ಕೆ ಬುಡವೇ ಇಲ್ಲ ಎಂದಲ್ಲ. ಹೃದಯಾಘಾತವಾದವರನ್ನು ವಿಚಾರಿಸಿ ಅಮೆರಿಕದಲ್ಲಿ 1993ರಲ್ಲಿ ಪ್ರಕಟವಾದ ಮಿಟ್ಲ್‌ಮನ್ ತಂಡದ ಅಧ್ಯಯನ ಇದನ್ನೇ ಅಳೆದಿತ್ತು. ಭಾರೀ ಶ್ರಮದ ನಂತರದ ಒಂದು ಗಂಟೆಯಲ್ಲಿ, ವಾರಕ್ಕೊಮ್ಮೆಯೂ ಬೆವರು ಹರಿಸದವರಿಗೆ ಅಪಾಯ ಉಳಿದ ಹೊತ್ತಿಗಿಂತ 107 ಪಟ್ಟು. ವಾರಕ್ಕೆ ಐದು ಸಲವಾದರೂ ಮೈ ದಂಡಿಸುವವರಿಗೆ 2.4 ಪಟ್ಟು. ಕೂತೇ ಇದ್ದ ಮೈಯನ್ನು ಒಮ್ಮೆಗೇ ಓಡಿಸಿದರೆ ಗಂಡಾಂತರ. ಎರಡು ನಿಮಿಷ ಜಿಗಿದು ಒಂದು ನಿಮಿಷ ನಿಲ್ಲುವ ಹೈ ಇಂಟೆನ್ಸಿಟಿ ತರಬೇತಿಯನ್ನು ಮೊದಲ ವಾರವೇ ಹೊಸಬರಿಗೆ ಮಾಡಿಸುವುದು ನನಗೆ ಒಪ್ಪಿಗೆಯಾಗದಿರುವುದು ಇದಕ್ಕೇ. ಮಾತಾಡಬಹುದು, ಆದರೆ ಹಾಡು ಹೇಳಲಾಗದು ಎಂಬಷ್ಟು ಉಸಿರು ಮೊದಲಿಗೆ ಸಾಕು. ವೈದ್ಯರು ಬರೆದುಕೊಡುವ ಟಿಎಂಟಿ ಪರೀಕ್ಷೆಯೂ ಟ್ರೆಡ್‌ಮಿಲ್ಲಿನ ಮೇಲೇ ನಡೆಯುವುದು. ಸಿಯಾಟಲ್‌ನ ರಾಬರ್ಟ್ ಬ್ರೂಸ್ 1963ರಲ್ಲಿ ಪ್ರಕಟಿಸಿದ ಅದರ ಕ್ರಮವೇ ಈಗಲೂ ಹೆಚ್ಚು ಬಳಕೆಯಲ್ಲಿದೆ. ಹೃದಯ ಎಷ್ಟು ತಡೆಯಬಲ್ಲದು ಎಂದು ಕಂಡುಕೊಳ್ಳಲೆಂದೇ ಇರುವ ಆ ಪರೀಕ್ಷೆ ಶುರುವಾಗುವುದು ಗಂಟೆಗೆ 2.7 ಕಿ.ಮೀ. ವೇಗದಲ್ಲಿ.